ವಂಶದ ಹುಡುಕಾಟ: ವರ್ಷದ ಚಂದಾ ಕಟ್ಟಲೇ, ಲೈಬ್ರರಿಗೆ ಹೋಗಲೇ?

ನಿವೃತ್ತ ಮೇಡಂ:

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಸದ್ಯಕ್ಕೆ ಇಂಗ್ಲೆಂಡಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಅಳಿಯಂದಿರು ಇಲ್ಲಿಯವರೇ. ನಮ್ಮ ಕಡೆಯ ವಂಶಾವಳಿ ಹಿರಿಯರು ಬರೆದಿಟ್ಟದ್ದಿತ್ತು, ಅದನ್ನು ಶುದ್ಧಪ್ರತಿ ಮಾಡಿ ಮೊಮ್ಮಗಳಿಗೆ ಕೊಟ್ಟೆ. ಅವಳ ಅಪ್ಪನ ಕಡೆಯದನ್ನೂ ಅದೇ ಪುಸ್ತಕಕ್ಕೆ ಸೇರಿಸಬೇಕೆಂದು ಈಗ ಕೂತಿದ್ದೇನೆ.

ಗೊತ್ತಿರುವುದು ಇಷ್ಟು. ಅಳಿಯಂದಿರ ಮುತ್ತಜ್ಜ ಬ್ರಾಡ್‌ಫರ್ಡ್‌ನ ಉಣ್ಣೆ ಗಿರಣಿಯಲ್ಲಿ ಕೆಲಸಕ್ಕಿದ್ದರು. ಅವರ ಹೆಂಡತಿ ಐರ್ಲೆಂಡಿನ ಮೇಯೋ ಕಡೆಯವರು. ಮನೆತನದಲ್ಲಿ ಉಳಿದಿರುವ ಹಿರಿಯ ಜೀವವೆಂದರೆ ಅಳಿಯಂದಿರ ಸೋದರತ್ತೆ. ಅವರ ಹತ್ತಿರ 1911ರ ಜನಗಣತಿ ಹಾಳೆಯ ಪ್ರತಿ ಇದೆ. ಅದರಲ್ಲಿ ಆ ಮುತ್ತಜ್ಜಿಗೆ ಹುಟ್ಟಿದ ಮಕ್ಕಳು ಏಳು, ಬದುಕಿರುವವರು ನಾಲ್ಕು, ತೀರಿಕೊಂಡವರು ಮೂರು ಎಂದಿದೆ. ನಾಲ್ವರ ಹೆಸರು ಹಾಳೆಯಲ್ಲೇ ಇದೆ. ಹೋದ ಮೂವರ ಹೆಸರು ಯಾರಿಗೂ ಗೊತ್ತಿಲ್ಲ, ಸೋದರತ್ತೆಗೂ ಗೊತ್ತಿಲ್ಲ. ಪುಸ್ತಕದಲ್ಲಿ ಆ ಮೂರು ಜಾಗ ಖಾಲಿ ಬಿಡಲು ನನಗೆ ಮನಸ್ಸಿಲ್ಲ.

ಅಳಿಯಂದಿರು ಹಳೆಯ ದಾಖಲೆಗಳನ್ನು ಹಣಕ್ಕೆ ತೋರಿಸುವ ಆನ್ಸೆಸ್ಟ್ರಿ, ಫೈಂಡ್‌ಮೈಪಾಸ್ಟ್ ಎಂಬ ಜಾಲತಾಣಗಳೆರಡಕ್ಕೂ ಒಂದೊಂದು ವರ್ಷದ ಚಂದಾ ಕಟ್ಟಿಕೊಡುತ್ತೇನೆ ಎನ್ನುತ್ತಿದ್ದಾರೆ. ಅಷ್ಟು ದುಡ್ಡು ಸುರಿಯುವುದು ಬೇಕೇ? ಮನೆಯ ಹತ್ತಿರವೇ ಲೈಬ್ರರಿ ಇದೆ, ನಡೆದುಕೊಂಡೇ ಹೋಗಬಹುದು. ಆದರೆ ಊರಿಗೆ ಮರಳುವ ಮುಂಚೆ ಮುಗಿಸಬೇಕು, ಅಲ್ಲಿಂದ ಈ ಲೈಬ್ರರಿಗಳು ಕೈಗೆಟುಕುವುದಿಲ್ಲವಲ್ಲ. ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.

ಕಡತದ ಮನೆ:

ಅಮ್ಮಾ ನಮಸ್ಕಾರ. ಉತ್ತರ ಇಂಗ್ಲೆಂಡಿನ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ, ಸ್ಥಳೀಯ ಚರಿತ್ರೆಯ ವಿಭಾಗದಲ್ಲಿ ಕೆಲಸ ನನಗೆ. ನಿಮ್ಮಂತೆ ಮನೆತನದ ಹಿಂದಿನವರನ್ನು ಹುಡುಕಿಕೊಂಡು ಬರುವವರೇ ನಮ್ಮ ಮೇಜಿಗೆ ಹೆಚ್ಚು. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ಆ ಮೂರು ಮಕ್ಕಳ ಹೆಸರಿಗೆ ಚಂದಾ ಬೇಡ, ಲೈಬ್ರರಿಯೂ ಬೇಡ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜನನ ಮರಣಗಳ ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಅದನ್ನು ನೋಡಿಕೊಳ್ಳುವ ಜನರಲ್ ರಿಜಿಸ್ಟರ್ ಆಫೀಸ್‌ಗೆ ತನ್ನದೇ ಜಾಲತಾಣದ ಸೂಚಿ ಇದೆ. ಹೆಸರು ನೋಂದಾಯಿಸಿಕೊಂಡರೆ ಸಾಕು, ಹುಡುಕಾಟ ಉಚಿತ. ಅದರ ದೊಡ್ಡ ಗುಣವೆಂದರೆ ಪ್ರತಿ ಮಗುವಿನ ಹೆಸರಿನ ಪಕ್ಕದಲ್ಲಿ ತಾಯಿಯ ತವರಿನ ಅಡ್ಡಹೆಸರು 1837ರಿಂದಲೇ ಸಿಗುತ್ತದೆ. ಹಳೆಯ ಅಚ್ಚಾದ ಸೂಚಿಗಳಲ್ಲಿ, ಅವುಗಳನ್ನೇ ನಕಲು ಮಾಡಿಕೊಂಡ ಫ್ರೀಬಿಎಂಡಿ ಎಂಬ ಉಚಿತ ತಾಣದಲ್ಲಿ, ಹಾಗೆಯೇ ಹಣ ಕೊಡುವ ತಾಣಗಳ ಸೂಚಿಗಳಲ್ಲಿಯೂ ಸಾಮಾನ್ಯವಾಗಿ ಅದು ಕಾಣಿಸಿಕೊಳ್ಳುವುದು 1911ರ ಸೆಪ್ಟೆಂಬರ್ ತ್ರೈಮಾಸಿಕದಿಂದ ಈಚೆಗೆ. ನಿಮ್ಮ ಮಕ್ಕಳು ಅದಕ್ಕೂ ಮುಂಚಿನವರು. ಅಂದರೆ ನಿಮ್ಮ ಕೆಲಸಕ್ಕೆ ದುಡ್ಡಿನ ತಾಣಕ್ಕಿಂತ ಈ ಉಚಿತ ಸೂಚಿಯೇ ಮೇಲು.

ಅಪ್ಪನ ಅಡ್ಡಹೆಸರು, ಅಮ್ಮನ ತವರಿನ ಅಡ್ಡಹೆಸರು ಎರಡನ್ನೂ ಹಾಕಿ. ಮಗುವಿನ ಹೆಸರಿನ ಜಾಗ ಖಾಲಿ ಬಿಡಿ. ಗಂಡು, ಹೆಣ್ಣು ಬೇರೆ ಬೇರೆಯಾಗಿ ಹುಡುಕಬೇಕು. ಒಂದು ವರ್ಷ ಕೊಟ್ಟರೆ ಹಿಂದೆ ಮುಂದೆ ಎರಡೆರಡು ವರ್ಷ ನೋಡುತ್ತದೆ. 1911ರ ಹಾಳೆಯಲ್ಲಿ ಮದುವೆಯಾಗಿ ಎಷ್ಟು ವರ್ಷವಾಯಿತು ಎಂಬುದೂ ಇರುತ್ತದೆ. ಆ ವರ್ಷದಿಂದ 1911ರವರೆಗೆ ಹೆಜ್ಜೆ ಹೆಜ್ಜೆಯಾಗಿ ಬನ್ನಿ. ಬ್ರಾಡ್‌ಫರ್ಡ್ ಮತ್ತು ಸುತ್ತಮುತ್ತಲಿನ ನೋಂದಣಿ ಜಿಲ್ಲೆಗಳಲ್ಲಿ ಈ ಎರಡು ಅಡ್ಡಹೆಸರು ಕೂಡಿ ಬಂದ ಮಕ್ಕಳನ್ನೆಲ್ಲ ಬರೆದುಕೊಂಡು, ನಿಮಗೆ ಗೊತ್ತಿರುವ ನಾಲ್ವರನ್ನು ಅದರಿಂದ ತೆಗೆಯಿರಿ. ಉಳಿದ ಹೆಸರುಗಳನ್ನು ಮರಣ ಸೂಚಿಯಲ್ಲಿ ನೋಡಿ.

ಆ ಮೂವರೂ ನೋಂದಣಿಯಾಗಿರುತ್ತಾರೆ ಎಂದು ನಂಬಲು ಕಾರಣವಿದೆ. 1911ರ ಪ್ರಶ್ನೆ ಕೇಳಿದ್ದು ಜೀವಂತವಾಗಿ ಹುಟ್ಟಿದ ಮಕ್ಕಳನ್ನು ಮಾತ್ರ. ಹುಟ್ಟುವಾಗಲೇ ಸತ್ತಿದ್ದ ಶಿಶುಗಳ ನೋಂದಣಿ ಇಲ್ಲಿ ಆರಂಭವಾದದ್ದೇ 1927ರಲ್ಲಿ. ಜೀವಂತ ಹುಟ್ಟಿದ ಮಗುವನ್ನು ನೋಂದಾಯಿಸದಿದ್ದರೆ ದಂಡ ಎಂಬ ನಿಯಮ 1875ರಿಂದಲೇ ಬಿಗಿಯಾಗಿತ್ತು. ಮರಣ ಸೂಚಿಯಲ್ಲಿ ಒಂದು ಎಚ್ಚರಿಕೆ ಬೇಕು: ಎಂಟು ತಿಂಗಳ ಮಗುವನ್ನು ಎಂಟು ವರ್ಷ ಎಂದು ನಮೂದಿಸಿರುವುದು ಅಲ್ಲಲ್ಲಿ ಇದೆ. ವಯಸ್ಸು ತಾಳೆಯಾಗಲಿಲ್ಲವೆಂದು ಕೂಡಲೇ ಬಿಟ್ಟುಬಿಡಬೇಡಿ.

ಇನ್ನು ಚಂದಾ ವಿಚಾರ. ವರ್ಷದ ಚಂದಾ ಈಗ ಬೇಡ ಎಂದೇ ನನ್ನ ಮಾತು. ಯಾವ ತಾಣ ಒಳ್ಳೆಯದು ಎಂಬಲ್ಲಿಂದ ಜನ ಶುರು ಮಾಡುತ್ತಾರೆ. ಶುರು ಮಾಡಬೇಕಾದದ್ದು ನಿಮಗೆ ಬೇಕಾದ ದಾಖಲೆ ಯಾರ ಹತ್ತಿರ ಇದೆ ಎಂಬಲ್ಲಿಂದ. ಚರ್ಚುಗಳ ಹಳೆಯ ಜ್ಞಾನಸ್ನಾನ, ಮದುವೆ, ಸಮಾಧಿ ಪುಸ್ತಕಗಳನ್ನು ಒಂದೊಂದು ಕೌಂಟಿಯ (ಇಲ್ಲಿನ ಜಿಲ್ಲೆಯ) ದಾಖಲೆಗಾರ, ಅಂದರೆ ಹಳೆಯ ಕಾಗದಪತ್ರ ಕಾಪಾಡುವ ಆರ್ಕೈವ್, ಒಂದೊಂದು ಕಂಪನಿಗೆ ಸ್ಕ್ಯಾನ್ ಮಾಡಲು ಕೊಟ್ಟಿದೆ. ವೆಸ್ಟ್ ಯಾರ್ಕ್‌ಷೈರ್‌ನವು ಆನ್ಸೆಸ್ಟ್ರಿಯಲ್ಲಿವೆ. ಲ್ಯಾಂಕಾಷೈರ್‌ನವೂ ಅಲ್ಲೇ. ಡೆವನ್‌ನವು ಫೈಂಡ್‌ಮೈಪಾಸ್ಟ್‌ನಲ್ಲಿ. ಎಸೆಕ್ಸ್‌ನವರು ತಮ್ಮದೇ ತಾಣ ಇಟ್ಟುಕೊಂಡಿದ್ದಾರೆ. ಸ್ಕಾಟ್ಲೆಂಡಿನದು ಬೇರೆಯೇ ಲೋಕ, ಅಲ್ಲಿ ಸರ್ಕಾರವೇ ಸ್ಕಾಟ್ಲೆಂಡ್ಸ್‌ಪೀಪಲ್ ಎಂಬ ತಾಣ ನಡೆಸುತ್ತದೆ, ನೋಡಿದಷ್ಟಕ್ಕೆ ಹಣ. ನಿಮ್ಮವರು ಬ್ರಾಡ್‌ಫರ್ಡ್‌ನವರಾದ್ದರಿಂದ ಚರ್ಚಿನ ಪುಸ್ತಕಗಳ ಮಟ್ಟಿಗೆ ಎರಡು ಚಂದಾ ಕಟ್ಟಿದರೆ ಒಂದು ವ್ಯರ್ಥ.

ಆ ಒಂದನ್ನೂ ಮೊದಲು ಲೈಬ್ರರಿಯಲ್ಲಿ ನೋಡಿ. ಇಲ್ಲಿನ ಬಹಳಷ್ಟು ಸಾರ್ವಜನಿಕ ಗ್ರಂಥಾಲಯಗಳು ಆನ್ಸೆಸ್ಟ್ರಿಯ ಲೈಬ್ರರಿ ಆವೃತ್ತಿಯನ್ನೋ, ಫೈಂಡ್‌ಮೈಪಾಸ್ಟನ್ನೋ, ಕೆಲವು ಕಡೆ ಎರಡನ್ನೂ ತಾವೇ ಹಣ ಕಟ್ಟಿ ತರಿಸುತ್ತವೆ. ಓದುಗರಿಗೆ ಅದು ಪುಕ್ಕಟೆ. ಆದರೆ ಗ್ರಂಥಾಲಯದ ಕಟ್ಟಡದೊಳಗೇ ಕೂತು ನೋಡಬೇಕು. ಲೈಬ್ರರಿ ಆವೃತ್ತಿಯಲ್ಲಿ ನಿಮ್ಮದೇ ವಂಶವೃಕ್ಷ ಕಟ್ಟಿಡಲು ಆಗುವುದಿಲ್ಲ, ಡಿಎನ್‌ಎ ಪರೀಕ್ಷೆಯ ಫಲಿತಾಂಶವೂ ಅಲ್ಲಿ ಬರುವುದಿಲ್ಲ. ದಾಖಲೆಯ ಚಿತ್ರಗಳನ್ನು ನಿಮ್ಮ ಇಮೇಲ್‌ಗೆ ಕಳುಹಿಸಿಕೊಳ್ಳಬಹುದು, ನಿಮಗೆ ಬೇಕಾದದ್ದು ಅದೇ. ಸದಸ್ಯತ್ವಕ್ಕೆ ವಿಳಾಸದ ಪುರಾವೆ ಕೇಳಬಹುದು. ಅದಿಲ್ಲದಿದ್ದರೂ ಕಂಪ್ಯೂಟರಿಗೆ ಅತಿಥಿ ಚೀಟಿ ಕೊಡುವ ಪದ್ಧತಿ ಹಲವು ಕಡೆ ಇದೆ, ಮೇಜಿನಲ್ಲಿ ವಿಚಾರಿಸಿ. ಸದಸ್ಯತ್ವದ ಕಾರ್ಡು ಸಿಕ್ಕರೆ ಇನ್ನೊಂದು ಲಾಭವಿದೆ: ಹಲವು ಲೈಬ್ರರಿಗಳ ಕಾರ್ಡ್ ಸಂಖ್ಯೆ ಹಾಕಿದರೆ ಟೈಮ್ಸ್ ಪತ್ರಿಕೆಯ 1785ರಿಂದೀಚಿನ ಸಂಚಿಕೆಗಳನ್ನು ಮನೆಯಲ್ಲೇ ಓದಬಹುದು.

ಗಿರಣಿಯ ಹೆಸರು ನಿಮಗೆ ಗೊತ್ತಿಲ್ಲವೆಂದು ತೋರುತ್ತದೆ. ಹಾಗಿದ್ದರೆ ಮುಂದಿನ ಮೆಟ್ಟಿಲು 1921ರ ಜನಗಣತಿ. ಕೆಲಸ ಏನು ಎಂಬುದರ ಜೊತೆಗೆ ಮಾಲೀಕರು ಯಾರು, ಕೆಲಸದ ಜಾಗ ಯಾವುದು ಎಂದೂ ಅದರಲ್ಲಿ ಕೇಳಿದ್ದರು. ನೂರು ವರ್ಷ ಮುಚ್ಚಿಟ್ಟು 2022ರ ಜನವರಿ 6ರಂದು ಅದನ್ನು ಬಿಡುಗಡೆ ಮಾಡಿದಾಗ ಆನ್‌ಲೈನಿನಲ್ಲಿ ಸಿಗುತ್ತಿದ್ದದ್ದು ಫೈಂಡ್‌ಮೈಪಾಸ್ಟ್‌ನಲ್ಲಿ ಮಾತ್ರ, ಅದೂ ಹಾಳೆಗಿಷ್ಟು ಎಂದು ಹಣ ಕೊಟ್ಟು. ಅದೇ ದಿನದಿಂದ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆಗಾರದಲ್ಲಿ, ಮ್ಯಾಂಚೆಸ್ಟರ್ ಸೆಂಟ್ರಲ್ ಲೈಬ್ರರಿಯಲ್ಲಿ, ವೇಲ್ಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಯಾರು ಬೇಕಾದರೂ ಕೂತು ಉಚಿತವಾಗಿ ನೋಡಬಹುದಿತ್ತು. ಗೊತ್ತಿದ್ದವರು ಹೋಗಿ ನೋಡಿದರು. ಈ ಹಾಳೆ ತಪ್ಪಿಸಬೇಡಿ ಅಮ್ಮಾ. ಯಾಕೆಂದರೆ 1931ರ ಜನಗಣತಿಯ ಕಾಗದಗಳು 1942ರ ಬೆಂಕಿಯಲ್ಲಿ ಪೂರ್ತಿ ಸುಟ್ಟುಹೋದವು. 1941ರಲ್ಲಿ ಯುದ್ಧವಿದ್ದುದರಿಂದ ಗಣತಿಯೇ ಆಗಲಿಲ್ಲ. 1921 ಬಿಟ್ಟರೆ ಆ ಮನೆಯನ್ನು ಮತ್ತೆ ಕಾಣುವುದು 1939ರ ಸೆಪ್ಟೆಂಬರಿನ ಯುದ್ಧಕಾಲದ ನೋಂದಣಿಯಲ್ಲೇ.

ಗಿರಣಿಯ ಹೆಸರು ಸಿಕ್ಕಿತೆನ್ನಿ. ಅಲ್ಲಿಂದ ಮುಂದೆ ಯಾವ ಚಂದಾದಿಂದಲೂ ದೊಡ್ಡ ಪ್ರಯೋಜನವಿಲ್ಲ. ಸ್ಥಳೀಯ ಪತ್ರಿಕೆಗಳ ಮೈಕ್ರೋಫಿಲ್ಮು, ಬೀದಿವಾರು ಮನೆಗಳ ಡೈರೆಕ್ಟರಿ, ಮತದಾರರ ಪಟ್ಟಿ, ತೆರಿಗೆ ಪುಸ್ತಕ, ಗಿರಣಿ ಮುಚ್ಚಿದಾಗ ದಾಖಲೆಗಾರಕ್ಕೆ ಬಂದ ಸಂಬಳದ ಪುಸ್ತಕ, ಇವುಗಳಲ್ಲಿ ಬಹುಪಾಲು ಇನ್ನೂ ಸ್ಕ್ಯಾನೇ ಆಗಿಲ್ಲ. ಬ್ರಾಡ್‌ಫರ್ಡ್‌ನಲ್ಲಿ ಸ್ಥಳೀಯ ಅಧ್ಯಯನಕ್ಕೆಂದೇ ಗ್ರಂಥಾಲಯವಿದೆ, ವೆಸ್ಟ್ ಯಾರ್ಕ್‌ಷೈರ್ ಆರ್ಕೈವ್ ಸರ್ವಿಸ್‌ನ ಕಚೇರಿಯೂ ಇದೆ. ಆ ಮೇಜಿನ ಹಿಂದೆ ಇರುವವರಿಗೆ ಯಾವ ಬೀದಿ ಯಾವ ಚರ್ಚಿಗೆ ಸೇರಿತ್ತು, ಯಾವ ಸ್ಮಶಾನದ ಪುಸ್ತಕ ಎಲ್ಲಿದೆ ಎಂಬುದು ನಾಲಿಗೆಯ ತುದಿಯಲ್ಲಿರುತ್ತದೆ. ನಾನು ಈ ಕೆಲಸದವಳು ಎಂಬ ಅಭಿಮಾನದಿಂದ ಹೇಳುತ್ತಿದ್ದೇನೆ ಎಂದರೂ ಸರಿ, ದಯವಿಟ್ಟು ಅವರನ್ನು ಕೇಳಿ. ಜನ ಬಂದು ಕೇಳದಿದ್ದರೆ ಈ ವಿಭಾಗಗಳನ್ನು ಉಳಿಸಿಕೊಳ್ಳುವುದೂ ಕಷ್ಟ.

ಇಷ್ಟೆಲ್ಲ ಆದಮೇಲೆ ಬಿಡಿಸದ ಗಂಟು ಉಳಿದಿದ್ದರೆ ಪಟ್ಟಿ ಮಾಡಿಕೊಳ್ಳಿ. ಆಗ ಒಂದೇ ತಿಂಗಳ ಚಂದಾ ಕಟ್ಟಿ, ಬೇಕಾದ ಚಿತ್ರಗಳನ್ನೆಲ್ಲ ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಂಡು ನಿಲ್ಲಿಸಿಬಿಡಿ. ಚಂದಾ ಮುಗಿದರೆ ನೀವು ಕಟ್ಟಿದ ವೃಕ್ಷ ಉಳಿಯುತ್ತದೆ, ಆದರೆ ಅದಕ್ಕೆ ಅಂಟಿಸಿದ ದಾಖಲೆಯ ಚಿತ್ರಗಳು ತೆರೆಯುವುದಿಲ್ಲ.

ರಾತ್ರಿಪಾಳಿ:

ಕಡತದ ಮನೆ ಅವರ ಮಾತಿಗೆ ಮುಕ್ಕಾಲು ಪಾಲು ಒಪ್ಪಿಗೆ. ಕಾಲು ಪಾಲು ತಕರಾರು ಇದೆ, ಹೇಳಿಬಿಡುತ್ತೇನೆ ಅಕ್ಕ.

ನಾನು ನರ್ಸ್. ನಾನು ಏಳುವ ಹೊತ್ತಿಗೆ ಲೈಬ್ರರಿ ಬಾಗಿಲು ಹಾಕುವ ಹೊತ್ತಾಗಿರುತ್ತದೆ. ವಾರಕ್ಕೆ ಎರಡು ಮೂರು ದಿನ ಮಾತ್ರ ತೆರೆಯುವ ಶಾಖೆಗಳೂ ಇವೆ. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು, ಗಾಲಿಕುರ್ಚಿಯಲ್ಲಿರುವವರು, ದೂರದ ಹಳ್ಳಿಯವರು ಏನು ಮಾಡಬೇಕು? ನಮ್ಮಂಥವರಿಗೆ ಚಂದಾ ಎಂಬುದು ದುಂದುವೆಚ್ಚವಲ್ಲ, ಇರುವ ಒಂದೇ ಬಾಗಿಲು.

ನನ್ನ ತಾಯಿಯ ಕಡೆಯವರು ಆಂಗ್ಲೋ-ಇಂಡಿಯನ್ನರು. ಅಜ್ಜನ ಅಪ್ಪ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಮದ್ರಾಸ್ ಪ್ರಾಂತ್ಯದ ಚರ್ಚುಗಳಿಂದ ಲಂಡನ್ನಿಗೆ ಕಳುಹಿಸುತ್ತಿದ್ದ ಜ್ಞಾನಸ್ನಾನ, ಮದುವೆ, ಸಮಾಧಿಗಳ ಪ್ರತಿಗಳು ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸ್ ದಾಖಲೆಗಳೊಳಗೆ ಎನ್/2 ಎಂಬ ಸಾಲಿನಲ್ಲಿವೆ. ಬಂಗಾಳದ್ದು ಎನ್/1, ಬೊಂಬಾಯಿಯದು ಎನ್/3. ಅವುಗಳ ಚಿತ್ರ ಫೈಂಡ್‌ಮೈಪಾಸ್ಟ್‌ನಲ್ಲಿದೆ. ಬ್ರಿಟಿಷ್ ಇಂಡಿಯಾದಲ್ಲಿದ್ದ ಮನೆತನಗಳನ್ನು ಹುಡುಕುವವರ ಫಿಬಿಸ್ ಎಂಬ ಸಂಘದ ಸೂಚಿ ಉಚಿತವಾಗಿತ್ತು, ಅದರಿಂದ ಸುಳಿವು ಸಿಕ್ಕಿತು. ಆದರೆ ಸುಳಿವಿನಲ್ಲಿ ಮದುವೆಗೆ ಸಾಕ್ಷಿ ಹಾಕಿದವರು ಯಾರೆಂದು ಇರುವುದಿಲ್ಲ. ಅದು ಗೊತ್ತಾಗುವುದು ಮೂಲ ಹಾಳೆಯಲ್ಲಿ. ನನಗೆ ಆ ಹಾಳೆ ಸಿಕ್ಕಿದ್ದು ನಡುರಾತ್ರಿ, ಪಾಳಿ ಇಲ್ಲದ ದಿನ, ಮನೆಯ ಮೇಜಿನ ಮುಂದೆ. ಸಾಕ್ಷಿ ಹಾಕಿದ್ದವಳು ವಧುವಿನ ಅಕ್ಕ. ಅಂಥ ಒಬ್ಬ ಅಕ್ಕ ಇದ್ದಳೆಂದೇ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬ್ರಿಟಿಷ್ ಲೈಬ್ರರಿಯ ವಾಚನಾಲಯಕ್ಕೆ ಹೋಗುವ ದಿನಕ್ಕಾಗಿ ಕಾದಿದ್ದರೆ ಇನ್ನೂ ಕಾಯುತ್ತಲೇ ಇರುತ್ತಿದ್ದೆ.

ಇನ್ನೊಂದು ವಿಷಯ. ಒಂದೇ ಜನಗಣತಿಯನ್ನು ಎರಡು ಕಂಪನಿಗಳು ಬೇರೆ ಬೇರೆ ಜನರ ಕೈಯಲ್ಲಿ ನಕಲು ಮಾಡಿಸಿವೆ. ಹಳೆಯ ಕೈಬರಹವನ್ನು ಒಬ್ಬರು ಒಂದು ಥರ ಓದಿದರೆ ಇನ್ನೊಬ್ಬರು ಇನ್ನೊಂದು ಥರ. ಹೆಸರಿನ ಮೊದಲಕ್ಷರವೇ ತಪ್ಪಾಗಿ ನಮೂದಾಗಿದ್ದರೆ ಆ ತಾಣದಲ್ಲಿ ನೀವು ಎಷ್ಟು ತಡಕಿದರೂ ಇಲ್ಲ, ಪಕ್ಕದ ತಾಣದಲ್ಲಿ ಮೊದಲ ಸಲಕ್ಕೇ ಬರುತ್ತದೆ. ಹಾಗಾಗಿ ಎರಡನೆಯ ಚಂದಾ ಯಾವಾಗಲೂ ವ್ಯರ್ಥ ಎನ್ನಲಾರೆ. ಹೆಸರು ಸಿಗದಿದ್ದರೆ ಅಡ್ಡಹೆಸರು ಬಿಟ್ಟು ಮನೆಯಲ್ಲಿ ಅಪರೂಪದ ಹೆಸರಿನ ಮಗು ಯಾರಿದೆಯೋ ಅದರ ಹೆಸರು, ವಯಸ್ಸು, ಹುಟ್ಟೂರು ಹಾಕಿ ಹುಡುಕಿ.

ಆ ತಾಣಗಳು ತಾವಾಗಿಯೇ ತೋರಿಸುವ ಸುಳಿವುಗಳ ಬಗ್ಗೆ ಮಾತ್ರ ಹುಷಾರು ಅಕ್ಕ. ಬೇರೆಯವರ ವೃಕ್ಷದಿಂದ ಬಂದದ್ದಾದರೆ ಅದರ ಹಿಂದೆ ದಾಖಲೆ ಇದೆಯೇ ನೋಡಿ. ಒಬ್ಬರು ಊಹಿಸಿ ಬರೆದದ್ದನ್ನು ಮೂವತ್ತು ಜನ ಹಾಗೇ ನಕಲು ಮಾಡಿಕೊಂಡಿರುತ್ತಾರೆ.

ಮುಂಗಾರು:

ಐರ್ಲೆಂಡಿನ ಭಾಗಕ್ಕೆ ದುಡ್ಡು ಕೊಡಬೇಡಿ ಮೇಡಂ. 1922ರಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್‌ನಲ್ಲಿದ್ದ ದಾಖಲೆ ಕಚೇರಿ ಸುಟ್ಟು ಬೂದಿಯಾಯಿತು. ಉಳಿದದ್ದನ್ನು ಅವರು ಎಲ್ಲರಿಗೂ ತೆರೆದಿಟ್ಟಿದ್ದಾರೆ. 1901 ಮತ್ತು 1911ರ ಜನಗಣತಿ ಐರ್ಲೆಂಡಿನ ರಾಷ್ಟ್ರೀಯ ದಾಖಲೆಗಾರದ ತಾಣದಲ್ಲಿ ಉಚಿತ. ಕ್ಯಾಥೊಲಿಕ್ ಚರ್ಚುಗಳ ಪುಸ್ತಕಗಳು ಸುಮಾರು 1880ರವರೆಗಿನವು ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ ಉಚಿತ. ಸರ್ಕಾರಿ ಜನನ ದಾಖಲೆ 1864ರಿಂದ ಇದೆ. ಐರಿಷ್‌ಜೀನಿಯಾಲಜಿ ಎಂಬ ಸರ್ಕಾರಿ ತಾಣದಲ್ಲಿ ಹಾಳೆಯ ಚಿತ್ರವೇ ತೆರೆಯುತ್ತದೆ.

ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ತಾಣದ ಬಗ್ಗೆ ಯಾರೂ ಹೇಳಲಿಲ್ಲ. ಅದೂ ಪೂರ್ತಿ ಉಚಿತ. ಕೆಲವು ಚಿತ್ರಗಳ ಮೇಲೆ ಬೀಗದ ಗುರುತು ಇರುತ್ತದೆ, ಅವು ಅವರ ಕೇಂದ್ರದಲ್ಲೋ ಅವರ ಜೊತೆ ಒಪ್ಪಂದವಿರುವ ಲೈಬ್ರರಿಯಲ್ಲೋ ಕೂತರೆ ಮಾತ್ರ ತೆರೆಯುತ್ತವೆ. ಮೊದಲು ಮೈಕ್ರೋಫಿಲ್ಮ್ ಸುರುಳಿಗಳನ್ನು ಊರೂರಿಗೆ ಕಳುಹಿಸುತ್ತಿದ್ದರು, 2017ರಲ್ಲಿ ಅದನ್ನು ನಿಲ್ಲಿಸಿದರು.

ನಿವೃತ್ತ ಮೇಡಂ:

ಎಲ್ಲರಿಗೂ ಕೈಮುಗಿದೆ. ಕಡತದ ಮನೆ, ನೀವು ಹೇಳಿದಂತೆಯೇ ಮಾಡಿದೆ ತಾಯಿ. ಇಬ್ಬರು ಸಿಕ್ಕರು! ಒಂದು ಹೆಣ್ಣು, ಒಂದು ಗಂಡು. ಹೆಣ್ಣುಮಗುವಿನ ಹೆಸರು ಕ್ಯಾಥರೀನ್, ಗಂಡಿನದು ಜೇಮ್ಸ್. ಕ್ಯಾಥರೀನಳ ಮರಣದಲ್ಲಿ ವಯಸ್ಸು 7 ಎಂದಿತ್ತು. ಆದರೆ ಹುಟ್ಟಿದ ಮರುವರ್ಷದ ಮರಣ ಅದು, ಹಾಗಾಗಿ ಏಳು ತಿಂಗಳೇ ಇರಬೇಕು. ನೀವು ಎಚ್ಚರಿಸದಿದ್ದರೆ ಬೇರೆ ಯಾರದೋ ಮಗು ಎಂದು ದಾಟಿಬಿಡುತ್ತಿದ್ದೆ. ಸೋದರತ್ತೆಗೆ ಫೋನಿನಲ್ಲಿ ಹೆಸರು ಹೇಳಿದೆವು. ಅವರ ತಾಯಿಯ ಹೆಸರೂ ಕ್ಯಾಥರೀನ್ ಎಂದೇ. ಹೋದ ಅಕ್ಕನ ಹೆಸರನ್ನೇ ಆಮೇಲೆ ಹುಟ್ಟಿದವಳಿಗೆ ಇಟ್ಟಿದ್ದರೆಂದು ಅವರಿಗೂ ಈಗಲೇ ತಿಳಿದದ್ದು.

ರಾತ್ರಿಪಾಳಿ, ನಿಮ್ಮ ತಕರಾರು ನ್ಯಾಯವಾದದ್ದು. ನನಗೆ ಹಗಲು ಹೊತ್ತು ಖಾಲಿ ಇದೆ, ಕಾಲಲ್ಲಿ ಶಕ್ತಿಯಿದೆ, ಆದ್ದರಿಂದ ನಾನು ಲೈಬ್ರರಿಯ ದಾರಿಯನ್ನೇ ಹಿಡಿಯುತ್ತೇನೆ. ನಮ್ಮ ಹತ್ತಿರದ ಶಾಖೆಯಲ್ಲಿ ಆನ್ಸೆಸ್ಟ್ರಿ ಇದೆಯಂತೆ, ವಿಚಾರಿಸಿದೆ. 1921ರ ಹಾಳೆಯನ್ನೂ ಅಲ್ಲಿನವರನ್ನೇ ಕೇಳುತ್ತೇನೆ. ಅಳಿಯಂದಿರಿಗೆ ವರ್ಷದ ಚಂದಾ ಬೇಡ, ನಾನು ಹೊರಡುವ ಮುಂಚಿನ ತಿಂಗಳಿಗೆ ಒಂದೇ ತಿಂಗಳಿನದು ಸಾಕು ಎಂದಿದ್ದೇನೆ. ಅಷ್ಟರೊಳಗೆ ಪಟ್ಟಿ ಸಿದ್ಧವಾಗಿರುತ್ತದೆ.

ಮೂರನೆಯ ಮಗು ಮಾತ್ರ ಎಲ್ಲೂ ಇಲ್ಲ. ಮದುವೆಯ ವರ್ಷಕ್ಕೂ, ಸೂಚಿಯಲ್ಲಿ ಸಿಕ್ಕ ಮೊದಲ ಮಗುವಿಗೂ ನಡುವೆ ಮೂರು ವರ್ಷದ ಅಂತರವಿದೆ. ನನಗೊಂದು ಅನುಮಾನ: ಆ ಹುಡುಗಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಿರಬಹುದೇ? ಹಾಗೆ ಹೋಗುತ್ತಿದ್ದರೇ?

ಕಡತದ ಮನೆ:

ಹೋಗುತ್ತಿದ್ದರು ಅಮ್ಮಾ. ಐರ್ಲೆಂಡಿಗೆ ಹಡಗಿನಲ್ಲಿ ಒಂದು ರಾತ್ರಿಯ ದಾರಿ, ಹೋಗಿಬರುವುದು ಅಪರೂಪವೇನಲ್ಲ. ಹಾಗಾದರೆ ಆ ಜನನ ಇಂಗ್ಲೆಂಡಿನ ಸೂಚಿಯಲ್ಲಿ ಇರುವುದೇ ಇಲ್ಲ. ಮುಂಗಾರು ಹೇಳಿದ ಐರಿಷ್‌ಜೀನಿಯಾಲಜಿಯಲ್ಲಿ ಅಪ್ಪನ ಅಡ್ಡಹೆಸರು ಹಾಕಿ, ಆ ಮೂರು ವರ್ಷಗಳಿಗೆ ಸೀಮಿತಗೊಳಿಸಿ ನೋಡಿ. ಮೇಯೋದಲ್ಲಿ ಕ್ಯಾಸಲ್‌ಬಾರ್, ವೆಸ್ಟ್‌ಪೋರ್ಟ್, ಸ್ವಿನ್‌ಫರ್ಡ್, ಬಲೀನಾ, ಕ್ಲೇರ್‌ಮಾರಿಸ್ ಹೀಗೆ ನೋಂದಣಿ ಜಿಲ್ಲೆಗಳು ಬೇರೆ ಬೇರೆ ಇವೆ. ಮುತ್ತಜ್ಜಿಯ ಹುಟ್ಟೂರು 1911ರ ಹಾಳೆಯಲ್ಲಿ ಬರೀ ಮೇಯೋ ಎಂದಿದ್ದರೆ ಎಲ್ಲವನ್ನೂ ನೋಡಬೇಕು. ಅಲ್ಲಿಯ ಸೂಚಿಯಲ್ಲಿ ತಾಯಿಯ ತವರಿನ ಹೆಸರು ಇಲ್ಲದಿದ್ದರೆ ಒಂದೊಂದೇ ಹಾಳೆಯ ಚಿತ್ರ ತೆರೆಯಿರಿ, ಅದರಲ್ಲಿ ಇರುತ್ತದೆ. ಅಪ್ಪನ ವಾಸಸ್ಥಳದ ಅಂಕಣವನ್ನೂ ಓದಿ, ಅಲ್ಲಿ ಬ್ರಾಡ್‌ಫರ್ಡ್ ಎಂದಿದ್ದರೆ ನಿಮ್ಮದೇ ಮಗು.

ಅಲ್ಲೂ ಸಿಗದಿದ್ದರೆ ಇಂಗ್ಲೆಂಡಿನ ಸೂಚಿಗೇ ಮರಳಿ, ಈ ಸಲ ತಾಯಿಯ ತವರಿನ ಹೆಸರನ್ನು ಬಿಟ್ಟು ಬರೀ ಅಪ್ಪನ ಅಡ್ಡಹೆಸರಿನಲ್ಲಿ ಬ್ರಾಡ್‌ಫರ್ಡ್ ಜಿಲ್ಲೆಯನ್ನು ನೋಡಿ. ಐರಿಷ್ ಅಡ್ಡಹೆಸರನ್ನು ಇಲ್ಲಿನ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಳ್ಳುತ್ತಿದ್ದರು. ಯಾವ ಫಲಿತಾಂಶ ಬಂದರೂ ಇಲ್ಲಿ ಹಾಕಿ, ನಾನೂ ಕೂತು ನೋಡುತ್ತೇನೆ.